ಗಂಟಿಲ್ಲದೆ ಕಡಿದ ಹಗ್ಗ

ಮೊದಲು ಚೂರಿ ಎತ್ತಿದವಳು ನಾನೇ. ಟೆನ್‌ಪೌಂಡ್ ದ್ವೀಪದವರೇ ಶುರು ಮಾಡಿದ್ದು ಎಂದು ನಮ್ಮ ಪಿಂಕ್‌ಹ್ಯಾಮ್ ಕೊಲ್ಲಿಯಲ್ಲಿ ಈಗಲೂ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಧೈರ್ಯವಿದ್ದರೆ ನನ್ನೆದುರು ಬಂದು ಹೇಳಲಿ. ಬಲಗೈ ಹೋದರೇನಾಯಿತು, ಕಪಾಳಕ್ಕೆ ಬಿಗಿಯಲು ಎಡಗೈ ಇದೆ.

ನಾನು ಆರ್ಡೆಲ್ ಬೀಲ್. ಗಂಡನನ್ನು ಕಡಲು ನುಂಗಿದ ಮೇಲೆ ಅವನ ಬೋಟು 'ಮಿನರ್ವಾ'ವನ್ನು ನಾನೇ ಓಡಿಸಿ, ಇನ್ನೂರು ಬೋನು ಹಾಕಿ, ಲಾಬ್‌ಸ್ಟರ್ ಹಿಡಿದು ಮಗನನ್ನು ಸಾಕಿದೆ. ಮಗನ ಹೆಸರು ಮೆರಿಲ್. ನಾನು ಹೇಳುತ್ತಿರುವ ಅರವತ್ತೊಂದನೇ ಇಸವಿಯಲ್ಲಿ ಅವನಿಗೆ ಇಪ್ಪತ್ತಾರು. ಅಪ್ಪನ ತೋಳು, ನನ್ನ ಸಿಟ್ಟು, ಸ್ವಂತದ್ದೊಂದು ಬೋಟು. ನನಗೆ ಇದ್ದವನು ಅವನೊಬ್ಬನೇ. ಅವನು ಸಾಯಬಾರದು, ಯಾರನ್ನೂ ಸಾಯಿಸಲೂ ಬಾರದು. ಆ ವರ್ಷದ ಕೊನೆಗೆ ನಾನು ದೇವರ ಹತ್ತಿರ ಬೇಡಿಕೊಂಡದ್ದು ಇಷ್ಟೇ.

ನಮ್ಮ ಸಮುದ್ರಕ್ಕೆ ಬೇಲಿ ಇಲ್ಲ, ಪಟ್ಟಾ ಇಲ್ಲ. ಬಿಳಿ ಬಂಡೆಯಿಂದ ಟೆನ್‌ಪೌಂಡಿನ ಚರ್ಚಿನ ಗೋಪುರಕ್ಕೆ ಕಣ್ಣಳತೆಯಲ್ಲಿ ಒಂದು ಗೆರೆ. ಈಚೆ ನಮ್ಮದು, ಆಚೆ ಅವರದು. ಬೋನು ತಳದಲ್ಲಿರುತ್ತದೆ, ಅದರ ಹಗ್ಗದ ತುದಿಗೆ ಕಟ್ಟಿದ ಮರದ ಬೆಂಡು ಮೇಲೆ ತೇಲುತ್ತದೆ. ಒಬ್ಬೊಬ್ಬರ ಬೆಂಡಿಗೆ ಒಂದೊಂದು ಬಣ್ಣ. ನನ್ನದು ಕಿತ್ತಳೆ. ಆಚೆ ಕಡೆ ನನ್ನ ಪಕ್ಕದವನು ಥರ್ಲೋ ಗಾಟ್, ಅವನದು ಹಸಿರು. ಬೋನು ಉಬ್ಬರಕ್ಕೆ ಜರುಗಿ ಗೆರೆ ದಾಟಿತೋ, ಆಸೆಬುರುಕುತನದಿಂದ ನಾವೇ ದಾಟಿಸಿದೆವೋ, ಆಚೆಯವನು ಬಂದು ಬೆಂಡಿನ ಕೋಲಿಗೆ ಹಗ್ಗವನ್ನು ಸುತ್ತಿ ಜೋಡಿ ಗಂಟು ಬಿಗಿದು ಹೋಗುತ್ತಾನೆ. ಕಂಡಿದ್ದೇನೆ, ತೆಗೆದುಕೊಂಡು ಹೋಗು ಎಂದು ಅದರ ಅರ್ಥ. ತೆಗೆದರೆ ಮುಗಿಯಿತು. ತೆಗೆಯದಿದ್ದರೆ ಮುಂದಿನ ಸಲ ಹಗ್ಗಕ್ಕೆ ಚೂರಿ. ಹಗ್ಗ ಕಡಿದ ಬೋನು ಕಡಲ ಪಾಲು. ಆದರೆ ಗಂಟು ಹಾಕದೆ ಕಡಿಯುವವನನ್ನು ನಮ್ಮಲ್ಲಿ ಯಾರೂ ಮನುಷ್ಯ ಎಂದು ಕರೆಯುವುದಿಲ್ಲ.

"ಮೊದಲು ಕಡಿಯೋಳು ನೀನಾಗ್ಬೇಡ," ಎಂದು ನನ್ನಪ್ಪ ಹೇಳಿಕೊಟ್ಟಿದ್ದ. "ಯಾರಾದ್ರೂ ಕಡಿದ್ರೆ ಬಿಡ್ಲೂ ಬೇಡ. ಎಷ್ಟು ಕಡಿದ್ರೋ ಅಷ್ಟೇ ಕಡಿ, ಒಂದೂ ಜಾಸ್ತಿ ಬೇಡ. ಆಮೇಲೆ ಮನೆಗೆ ಬಂದು ಊಟ ಮಾಡಿ ಮಲಗು, ಮರ್ತುಬಿಡು." ಒಳ್ಳೆಯ ಬುದ್ಧಿಮಾತೇ. ಇಪ್ಪತ್ತು ವರ್ಷ ನಾನೂ ಥರ್ಲೋನೂ ಹಾಗೇ ಬದುಕಿದೆವು. ವರ್ಷಕ್ಕೆ ಒಂದೆರಡು ಗಂಟು ಅವನದು ನನ್ನ ಬೆಂಡಿಗೆ, ಒಂದೆರಡು ನನ್ನದು ಅವನ ಬೆಂಡಿಗೆ. ಕಡಲ ಮೇಲೆ ಎದುರಾದರೆ ಕೈಯೆತ್ತುವುದು, ಅಷ್ಟೇ ಮಾತು. ನನ್ನ ಗಂಡ ಕಾಣೆಯಾದಾಗ ಮೂರು ದಿನ ಹುಡುಕಿದವರಲ್ಲಿ ಅವನೂ ಒಬ್ಬ. ಅದಕ್ಕೆ ನಾನು ಥ್ಯಾಂಕ್ಸ್ ಹೇಳಲಿಲ್ಲ, ಅವನು ಕಾಯಲೂ ಇಲ್ಲ.

ಆಗಸ್ಟಿನಲ್ಲಿ ಐದು ದಿನ ಮಂಜು ಕವಿಯಿತು. ನಾಲ್ಕನೇ ದಿನ ನಾನು ಧಕ್ಕೆಯ ಮೇಲೆ ಕೂತು ಬೋನಿಗೆ ಮರದ ಪಟ್ಟಿ ಹೊಡೆಯುತ್ತಿದ್ದಾಗ ದೂರದಲ್ಲೆಲ್ಲೋ ಕಹಳೆ ಕೇಳಿಸಿತು. ಒಂದು ಉದ್ದ, ಎರಡು ಗಿಡ್ಡ. ದೊಡ್ಡ ಬೋಟೊಂದು ಇನ್ನೇನನ್ನೋ ಎಳೆದುಕೊಂಡು ಹೋಗುತ್ತಿದೆ ಎಂದು ಆ ಸದ್ದಿನ ಅರ್ಥ. ತೊಟ್ಟಿಲ ಮಗುವಿಗೂ ಗೊತ್ತಿರುವ ವಿಷಯ. ಕೇಳಿಸಿಕೊಂಡೆ, ಸುತ್ತಿಗೆ ಹೊಡೆಯುವುದನ್ನು ಮುಂದುವರಿಸಿದೆ. ಮಂಜು ಸರಿದ ಬೆಳಿಗ್ಗೆ ಹೋಗಿ ನೋಡಿದರೆ ಬಿಳಿ ಬಂಡೆಯ ಪಕ್ಕದ ನನ್ನ ಹನ್ನೆರಡು ಬೆಂಡುಗಳು ಇಲ್ಲ. ಒಂದೂ ಇಲ್ಲ. ಹಿಂದಿನ ವಾರ ಅವುಗಳ ಮೇಲೆ ಗಂಟೂ ಇರಲಿಲ್ಲ.

ಎದೆಯೊಳಗೆ ಬೆಂಕಿ ಬಿದ್ದ ಹಾಗಾಯಿತು. ಅದೂ ಯಾವ ಸಾಲು! ಗೆರೆಯಿಂದ ಇನ್ನೂರು ಗಜ ಈಚೆ ಇದ್ದ ಸಾಲು. ಕಹಳೆಯ ನೆನಪು ನನಗೆ ಬರಲಿಲ್ಲ. ಬಂದದ್ದು ಥರ್ಲೋನ ಮುಖ. "ಥೂ, ಮುದಿ ನರಿ!" ಎಂದು ಕಡಲಿಗೆ ಕೇಳುವ ಹಾಗೆ ಕೂಗಿ, ಬೋಟನ್ನು ಗೆರೆ ದಾಟಿಸಿ, ಅವನ ಹಸಿರು ಬೆಂಡುಗಳನ್ನು ಒಂದೊಂದಾಗಿ ಎತ್ತಿ ಹಗ್ಗ ಕಡಿದೆ. ಎಣಿಸಿ ಹನ್ನೆರಡು. ಹದಿಮೂರನೆಯದನ್ನು ಮುಟ್ಟಲಿಲ್ಲ. ಗಂಟು ಮಾತ್ರ ಹಾಕಲಿಲ್ಲ, ಅವನು ಹಾಕಿದ್ದನೇ? ಮನೆಗೆ ಬಂದು ಬೀನ್ಸ್ ತಿಂದು ಮಲಗಿದೆ, ನಿದ್ದೆಯೂ ಬಂತು ಅಂದರೆ ನೋಡಿ.

ಮೂರನೇ ದಿನಕ್ಕೆ ನಮ್ಮ ಕಡೆ ನಲವತ್ತು ಬೋನು ಹೋದವು. ನಾವು ನಲವತ್ತು ಕಡಿದೆವು. ಅವರ ಲೆಕ್ಕದಲ್ಲಿ ಅದು ಐವತ್ತೈದು. ಸೆಪ್ಟೆಂಬರ್ ಬರುವ ಹೊತ್ತಿಗೆ ಯಾರೂ ಎಣಿಸುತ್ತಿರಲಿಲ್ಲ, ಬಣ್ಣ ಕಂಡರೆ ಕಡಿಯುತ್ತಿದ್ದರು. ನನ್ನ ತಮ್ಮ ಎಲ್ವಿನ್, ಥರ್ಲೋನ ಮಗ ವಾನ್‌ನ ಬೋಟಿನ ತಳಕ್ಕೆ ತೂತು ಕೊರೆದು ಬಂದ. ಅವರು ನಮ್ಮ ಎರೆ ಮೀನಿನ ಕೊಟ್ಟಿಗೆಗೆ ಬೆಂಕಿ ಇಟ್ಟರು. ಉಪ್ಪು ಮೀನು ಸುಟ್ಟ ವಾಸನೆ ವಾರಗಟ್ಟಲೆ ಊರು ಬಿಡಲಿಲ್ಲ. ಸರ್ಕಾರದ ವಾರ್ಡನ್ ಬಂದು ಎರಡೂ ಊರಿನಲ್ಲಿ ವಿಚಾರಿಸಿದ. ಎರಡೂ ಊರಿನಲ್ಲಿ ಅವನಿಗೆ ಕಾಫಿ ಕೊಟ್ಟರೇ ಹೊರತು ಯಾರೂ ಬಾಯಿ ಬಿಡಲಿಲ್ಲ.

ಎಲ್ವಿನ್‌ನ ಕಣ್ಣು ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಗೆರೆಯ ಮೇಲೇ ಮೆರಿಲ್‌ನ ಬೋಟೂ ವಾನ್‌ನ ಬೋಟೂ ಒಂದಕ್ಕೊಂದು ಉಜ್ಜಿಕೊಂಡು ನಿಂತಿದ್ದವು. ನಾನು ಮಿನರ್ವಾದಲ್ಲಿ ನೂರು ಗಜ ದೂರ.

"ಏ ವಾನ್, ನಿಮ್ಮಪ್ಪಂಗೆ ಹೇಳು, ಬೋನು ಬೇಕಾದ್ರೆ ನಮ್ಮತ್ರ ಭಿಕ್ಷೆ ಬೇಡು ಅಂತ!" ಎಂದು ಎಲ್ವಿನ್ ಕೂಗಿದ.

"ಭಿಕ್ಷೆ ನೀನು ಬೇಡೋ ಹಾಗ್ ಮಾಡ್ತೀನಿ ಇರು!" ಎಂದ ವಾನ್. ಬೆಂಡು ಎಳೆಯುವ ಕಬ್ಬಿಣದ ಕೊಕ್ಕೆ ಅವನ ಕೈಯಲ್ಲಿತ್ತು. ಬೀಸಿದ. ಎಲ್ವಿನ್ ಬಗ್ಗುವಷ್ಟರಲ್ಲಿ ಕೊಕ್ಕೆ ಅವನ ಎಡಗಣ್ಣಿಗೆ ಸಿಕ್ಕಿಕೊಂಡಿತು. ವಾನ್ ಗಾಬರಿಯಲ್ಲಿ ಹಿಂದಕ್ಕೆ ಎಳೆದ. ಎಳೆಯಬಾರದಿತ್ತು. ನನ್ನ ತಮ್ಮ ಹಂದಿ ಕಿರುಚಿದ ಹಾಗೆ ಕಿರುಚಿದ. ಮೆರಿಲ್ ಹುಟ್ಟು ಎತ್ತಿ ವಾನ್‌ನ ಬಾಯಿಗೆ ಬಾರಿಸಿದ, ಹಲ್ಲು ಉದುರಿದವು. ಬಿದ್ದವನ ಮುಖಕ್ಕೆ ಇನ್ನೂ ಎರಡು ಸಲ ಬಾರಿಸಿದ. ಮೂರನೇ ಏಟಿಗೆ ಹುಟ್ಟು ಮುರಿಯಿತು, ಇಲ್ಲದಿದ್ದರೆ ವಾನ್ ಅಂದೇ ಸಾಯುತ್ತಿದ್ದ. ನನ್ನ ಮಗನ ಮುಖವನ್ನು ಆ ದಿನ ಮೊದಲ ಸಲ ನೋಡಿದ ಹಾಗಾಯಿತು. ಹೆದರಿಬಿಟ್ಟೆ.

ಅಕ್ಟೋಬರ್ ಹತ್ತರಂದು, ಹಾಳಾದ ಸಾಲುಗಳನ್ನು ಬಿಟ್ಟು ಆಳದ ಕಡೆ ಹಾಕಿದ್ದ ಬೋನೊಂದನ್ನು ಎತ್ತಲು ಹೋದೆ. ಹದಿನೆಂಟು ಮಾರು ನೀರು. ರಾಟೆ ನರಳಿತು, ಬೋಟು ಒಂದು ಕಡೆ ವಾಲಿತು, ಆದರೂ ಹಗ್ಗ ಬರಲೊಲ್ಲದು. ಬೈದು, ಒದ್ದು, ಮತ್ತೆ ಎಳೆದೆ. ಕೊನೆಗೆ ಮೇಲೆ ಬಂದದ್ದು ಬೋನಲ್ಲ, ಒಂದು ಗುಡ್ಡೆ. ಮುರಿದ ಬೋನುಗಳ ಪಟ್ಟಿ, ಹಗ್ಗ, ಪಾಚಿ, ಎಲ್ಲವನ್ನೂ ಸೇರಿಸಿ ಸುತ್ತಿಕೊಂಡ ನನ್ನ ಮಣಿಕಟ್ಟಿನಷ್ಟು ದಪ್ಪದ ಉಕ್ಕಿನ ಹಗ್ಗ, ಹಡಗು ಎಳೆಯುವಂಥದ್ದು, ತುಂಡಾಗಿತ್ತು. ಅದರೊಳಗೆ ಸಿಕ್ಕಿಕೊಂಡ ಬೆಂಡುಗಳನ್ನು ಎಣಿಸಿದೆ. ಹನ್ನೆರಡು ಕಿತ್ತಳೆ. ಮೂರು ಹಸಿರು. ಒಂದು ಹಗ್ಗದ ಮೇಲೂ ಚೂರಿಯ ಗುರುತಿಲ್ಲ, ಎಲ್ಲ ಉಜ್ಜಿ ಉಜ್ಜಿ ನಾರು ನಾರಾಗಿ ಹರಿದದ್ದು.

ಆಗ ಆ ಕಹಳೆ ನೆನಪಾಯಿತು. ಒಂದು ಉದ್ದ, ಎರಡು ಗಿಡ್ಡ. ಮಂಜಿನಲ್ಲಿ ದಾರಿ ತಪ್ಪಿದ ಯಾವುದೋ ಬೋಟು, ಹಿಂದೆ ನೀರಿಗೆ ಜೋತುಬಿದ್ದ ಉಕ್ಕಿನ ಹಗ್ಗದಲ್ಲಿ ನನ್ನ ಸಾಲನ್ನೂ ಥರ್ಲೋನ ಮೂರನ್ನೂ ಬಾಚಿಕೊಂಡು ಹೋಗಿತ್ತು. ಯಾರೂ ಕಡಿದಿರಲಿಲ್ಲ. ಮೊದಲು ಕಡಿದವಳು ನಾನು.

ಗುಡ್ಡೆಯಲ್ಲಿ ಬಿಡಿಸಲಾದಷ್ಟನ್ನು ಬೋಟಿಗೆ ಹಾಕಿಕೊಂಡು ಧಕ್ಕೆಗೆ ಬಂದೆ. ಎಲ್ವಿನ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪೀಪಾಯಿಯ ಮೇಲೆ ಕೂತಿದ್ದ. ಮೆರಿಲ್ ಜಿಂಕೆ ಹೊಡೆಯುವ ರೈಫಲ್ಲಿಗೆ ಎಣ್ಣೆ ಹಚ್ಚುತ್ತಿದ್ದ. ಅವರ ಮುಂದೆ ಎಲ್ಲ ಸುರಿದು ಹೇಳಿದೆ.

ಎಲ್ವಿನ್ ಉಕ್ಕಿನ ತುಂಡನ್ನು ಕಾಲಿನಿಂದ ತಳ್ಳಿದ. "ಅಕ್ಕ, ನಿಂಗೆ ವಯಸ್ಸಾಯ್ತು. ಕಡಿದು, ತಂದು, ಆಳದಲ್ಲಿ ಎಸ್ದಿದಾರೆ. ಅಷ್ಟೂ ತಿಳಿಯಲ್ವಾ?"

"ಅವನ ಬೋನೂ ಇದೆಯಲ್ಲೋ ಇದ್ರಲ್ಲಿ! ಯಾರಾದ್ರೂ ತಮ್ದನ್ನ ತಾವೇ ಎಸೀತಾರಾ?"

ಮೆರಿಲ್ ತಲೆಯೆತ್ತಲಿಲ್ಲ. "ಸರಿ ಅಮ್ಮ. ಬೋನು ತೆಗೆದಿದ್ದು ಆ ಉಕ್ಕಿನ ಹಗ್ಗ. ಎಲ್ವಿನ್ ಮಾಮನ ಕಣ್ಣು ತೆಗೆದಿದ್ದೂ ಅದೇನಾ?"

ಹಸಿರು ಬೆಂಡೊಂದನ್ನು ಎತ್ತಿ ಅವನ ಮೂಗಿನ ಮುಂದೆ ಹಿಡಿದೆ.

"ನಾಳೆ ಬೆಳಿಗ್ಗೆ ವಾನ್ ಬೋನು ಎತ್ತೋಕೆ ಬರ್ತಾನೆ," ಎಂದ ಮೆರಿಲ್. "ನಾನು ಬಿಳಿ ಬಂಡೆ ಹಿಂದೆ ಇರ್ತೀನಿ."

"ಕೊಡು ಇಲ್ಲಿ ಆ ರೈಫಲ್."

"ಕೊಡಲ್ಲ."

ಕೆನ್ನೆಗೆ ಹೊಡೆದೆ. ಅಲುಗಲಿಲ್ಲ. ಇನ್ನೊಂದು ಹೊಡೆದೆ. "ಹೊಡಿ ಅಮ್ಮ, ನಿಂಗೆ ಹಕ್ಕಿದೆ," ಎಂದು ಎಣ್ಣೆಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡ. ಅಷ್ಟು ತಣ್ಣಗೆ ಮಾತಾಡುವ ಮಗನನ್ನು ನಾನು ಹೆತ್ತಿರಲಿಲ್ಲ.

ಸುರಿದದ್ದನ್ನೆಲ್ಲ ಮತ್ತೆ ಮಿನರ್ವಾಕ್ಕೆ ಎಸೆದು ಹಗ್ಗ ಬಿಚ್ಚಿದೆ. "ಎಲ್ಲಿಗೆ ಹೊರಟೆ ಅಕ್ಕ?" ಎಂದು ಎಲ್ವಿನ್ ಕೂಗಿದ.

"ಥರ್ಲೋ ಹತ್ರ! ನಿಮಗಿಂತ ಅವನ ತಲೇಲಿ ಬುದ್ಧಿ ಜಾಸ್ತಿ ಇರುತ್ತೆ!"

ಗೆರೆ ದಾಟಿ ಅರ್ಧ ಮೈಲಿ ಹೋಗಿರಬಹುದು. ವಾನ್‌ನ ಬೋಟು ಅವರ ಕಡೆಯ ಒಂದು ಬಂಡೆಯ ಮರೆಯಿಂದ ಹೊರಬಿತ್ತು. ನಾನು ನಿಲ್ಲಿಸಿ, ಎದ್ದು ನಿಂತು, ಎರಡೂ ಕೈ ಬೀಸಿದೆ. ಅವನ ಕಣ್ಣಿಗೆ ಕಂಡದ್ದು ಪಿಂಕ್‌ಹ್ಯಾಮಿನ ಬೋಟು ಹಾಡಹಗಲೇ ತಮ್ಮ ನೀರಿಗೆ ನುಗ್ಗಿರುವುದು, ಮತ್ತೇನಲ್ಲ. ವೇಗ ತಗ್ಗಿಸಲಿಲ್ಲ. ಅವನ ಬೋಟಿನ ಮೂತಿ ಮಿನರ್ವಾದ ನಡುವಿಗೆ ಹೊಡೆದಾಗ ನನ್ನ ಗಂಡ ಕೈಯಾರೆ ಜೋಡಿಸಿದ ಹಲಗೆಗಳು ಮುರಿಯುವ ಸದ್ದು ಕೇಳಿದೆ. ಆಮೇಲೆ ನೀರು.

ಅಕ್ಟೋಬರಿನ ನೀರು ಮೊದಲು ಉಸಿರು ಕಿತ್ತುಕೊಳ್ಳುತ್ತದೆ, ಆಮೇಲೆ ಕೈಕಾಲು. ಬೂಟು ತುಂಬಿ ಕೆಳಗೆ ಎಳೆಯಿತು. ಕೈಗೆ ಏನೋ ಬಡಿಯಿತು, ಅಪ್ಪಿಕೊಂಡೆ. ಬೆಂಡು. ಅದನ್ನು ಎದೆಗವಚಿಕೊಂಡು ತೇಲಿದೆ. ಮಿನರ್ವಾ ಮುಳುಗುವುದನ್ನು ನೋಡಿದೆ, ಗುಡ್ಡೆಯೂ ಉಕ್ಕಿನ ತುಂಡೂ ಅದರೊಂದಿಗೇ ಹೋದವು. ವಾನ್ ಬೋಟು ತಿರುಗಿಸಿ ದೂರ ನಿಂತು ನೋಡುತ್ತಿದ್ದ.

ಇನ್ನೊಂದು ಎಂಜಿನಿನ ಸದ್ದು ಬಂತು. ಹಸಿರು ಬೋಟು, ಥರ್ಲೋನದು. "ಬಿಟ್ಬಿಡಪ್ಪ!" ಎಂದು ವಾನ್ ಹಲ್ಲಿಲ್ಲದ ಬಾಯಲ್ಲಿ ಕೂಗಿದ. "ಮುಳುಗ್ಲಿ ಆ ಹೆಂಗ್ಸು! ಅವಳೇ ಶುರು ಮಾಡಿದ್ದು!"

"ನಿನ್ನ ಬಾಯಿಗೆ ಮಣ್ಣು ಬೀಳ, ಸುಮ್ನಿರು!" ಎಂದು ಗದರಿ ಮುದುಕ ಕೊಕ್ಕೆಯನ್ನು ನನ್ನ ಅಂಗಿಯ ಕಾಲರಿಗೆ ಹಾಕಿ ಮೇಲೆಳೆದುಕೊಂಡ. ನಾನು ಅವನ ಬೋಟಿನ ಹಲಗೆಯ ಮೇಲೆ ಮೀನಿನ ಹಾಗೆ ಒದ್ದಾಡುತ್ತಾ ಬಿದ್ದೆ. ತೋಳುಗಳು ಮರಗಟ್ಟಿ ಬೆಂಡನ್ನು ಬಿಡಲೊಲ್ಲವು. ಅವನೇ ಬಿಡಿಸಿ ತೆಗೆದ. ತಿರುಗಿಸಿ ನೋಡಿದ. ಹಸಿರು ಬೆಂಡು, ಮರದಲ್ಲಿ ಸುಟ್ಟು ಒತ್ತಿದ ಅವನದೇ ನಂಬರು. ನಾರು ನಾರಾದ ಹಗ್ಗದ ತುದಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ನಮ್ಮ ಕಸುಬಿನವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

"ಉಕ್ಕಿನ ಹಗ್ಗ," ಎಂದೆ, ಹಲ್ಲು ಕಟಕಟಿಸುತ್ತಾ. "ಮಂಜಿನ ದಿನ. ನನ್ನ ಹನ್ನೆರಡು, ನಿನ್ನ ಮೂರು. ಒಂದೇ ಗುಡ್ಡೇಲಿ."

ಥರ್ಲೋ ತನ್ನ ಒಣ ಅಂಗಿ, ರಬ್ಬರ್ ಕೋಟು, ಟೋಪಿ ಎಲ್ಲ ನನಗೆ ಹಾಕಿ ಕಾಫಿ ಕುಡಿಸಿದ. ಆಮೇಲೆ ಹೇಳಿದ: "ಆ ಮೂರು ಹೋಗಿದ್ದನ್ನ ಮಂಜು ಸರಿದ ಬೆಳಿಗ್ಗೆನೇ ಕಂಡಿದ್ದೆ. ಗಂಟಿಲ್ಲ, ಏನಿಲ್ಲ. ಆರ್ಡೆಲ್ ಹಾಗೆ ಮಾಡೋಳಲ್ಲ, ಏನೋ ಆಗಿರ್ಬೇಕು ಅಂತ ಬಿಟ್ಟೆ. ಮಧ್ಯಾಹ್ನ ಬಂದು ನೋಡಿದ್ರೆ ಇನ್ನೂ ಹನ್ನೆರಡು ಇಲ್ಲ."

ಬೆಚ್ಚಗಿನ ಕೋಟಿನೊಳಗೆ ನಾನು ಕುಗ್ಗಿಹೋದೆ. ಮೂರನ್ನು ಅವನು ಬಿಟ್ಟಿದ್ದ. ನಾನು ಒಂದನ್ನಾದರೂ ಬಿಟ್ಟಿದ್ದರೆ, ಒಂದೇ ಒಂದು ಸಲ ಅವನ ಧಕ್ಕೆಗೆ ಹೋಗಿ ಏನೋ ಮುದುಕ ಇದು ಎಂದು ಕೇಳಿದ್ದರೆ, ನನ್ನ ತಮ್ಮನಿಗೆ ಎರಡು ಕಣ್ಣು ಇರುತ್ತಿದ್ದವು. ಅತ್ತೆ. ನಾಚಿಕೆಯಿಲ್ಲದೆ ಅವನೆದುರೇ ಅತ್ತೆ.

"ಅಳ್ಬೇಡ ಮಾರಾಯ್ತಿ, ಇರೋ ನೀರೇ ಸಾಕು," ಎಂದ ಥರ್ಲೋ. "ಈಗ ಏನ್ ಮಾಡೋಣ ಹೇಳು. ನನ್ನವರಿಗೆ ಮಾತಿನ ಮೇಲೆ ನಂಬ್ಕೆ ಇಲ್ಲ."

"ನನ್ನವರಿಗೂ ಇಲ್ಲ. ನಾಳೆ ನನ್ನ ಮಗ ನಿನ್ನ ಮಗನ್ನ ಹೊಡೆದು ಹಾಕ್ತಾನೆ. ನಾಡಿದ್ದು ನಿನ್ನವರು ನನ್ನ ಮಗನ್ನ." ಎದ್ದು ಕೂತೆ. "ಗಂಟು ಹಾಕ್ದೆ ನಿನ್ನ ಹನ್ನೆರಡು ಕಡಿದೋಳು ನಾನು. ಗೆರೆ ಹತ್ರ ನಂದಿನ್ನೂ ಹನ್ನೆರಡು ಉಳ್ದಿವೆ. ಕರ್ಕೊಂಡು ಹೋಗು. ನಿನ್ನವರೆಲ್ಲ ನೋಡ್ತಿರ್ಲಿ, ನನ್ನ ಕೈಯಾರೆ ನಾನೇ ಕಡೀತೀನಿ. ಅಲ್ಲಿಗೆ ಮೊದಲ್ನೇದು ಚುಕ್ತಾ."

ತನ್ನ ಬೋನಿನ ಹಗ್ಗವನ್ನು ತಾನೇ ಕಡಿದವರನ್ನು ನಮ್ಮ ಕರಾವಳಿಯಲ್ಲಿ ಯಾರೂ ಕಂಡಿರಲಿಲ್ಲ.

"ನಿನ್ನ ತಲೆ ಕೆಟ್ಟಿದೆ," ಎಂದ. "ಸರಿ, ನಡಿ."

ವಾನ್ ಹಿಂದೆಯೇ ಬಂದ, ಅವನ ಹಿಂದೆ ಟೆನ್‌ಪೌಂಡಿನ ಇನ್ನೂ ಎರಡು ಬೋಟು. ಗೆರೆಯ ಹತ್ತಿರ ನನ್ನ ಕಿತ್ತಳೆ ಬೆಂಡುಗಳು ತೇಲುತ್ತಿದ್ದವು, ಯುದ್ಧದಲ್ಲಿ ನನಗೆ ಉಳಿದದ್ದೇ ಅಷ್ಟು. ಥರ್ಲೋ ಚುಕ್ಕಾಣಿ ಹಿಡಿದ. ನಾನು ಅವನ ಚೂರಿ ತೆಗೆದುಕೊಂಡು ಅಂಚಿಗೆ ಬಗ್ಗಿ ಮೊದಲನೆಯದನ್ನು ಎತ್ತಿದೆ. ಆ ಹಗ್ಗವನ್ನು ಚಳಿಗಾಲದಲ್ಲಿ ಒಲೆಯ ಮುಂದೆ ಕೂತು ನಾನೇ ಹೊಸೆದು ಜೋಡಿಸಿದ್ದೆ. ಕಡಿದೆ. ಬೆಂಡನ್ನು ತಲೆಯ ಮೇಲೆತ್ತಿ ವಾನ್‌ಗೆ ತೋರಿಸಿ "ಒಂದು!" ಎಂದು ಕೂಗಿದೆ.

ಅವರು ಮೊದಲು ನಕ್ಕರು. ನಾಲ್ಕನೆಯದಕ್ಕೆ ನಗು ನಿಂತಿತು. ಆರನೆಯದಕ್ಕೆ ವಾನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನನ್ನ ಕೈ ಚಳಿಗೆ ಸೆಟೆದು ಚೂರಿ ಜಾರುತ್ತಿತ್ತು, ಆದರೂ ಬಿಡಲಿಲ್ಲ. ಒಂಬತ್ತನೆಯದನ್ನು ಕಡಿದು ಕೈ ಮೇಲೆತ್ತಿದೆ.

ಗುಂಡಿನ ಸದ್ದು ನನಗೆ ಕೇಳಿಸಿದ್ದು ಆಮೇಲೆ. ಮೊದಲು ಕೈ ಹೋಯಿತು. ಮಣಿಕಟ್ಟಿನ ಮೇಲೆ ಮೂಳೆ ಬಿಳಿಯಾಗಿ ಎದ್ದು ನಿಂತಿತ್ತು, ಬೆರಳುಗಳು ಚರ್ಮದಲ್ಲಿ ನೇತಾಡುತ್ತಿದ್ದವು, ರಕ್ತ ಥರ್ಲೋನ ಕೋಟಿನ ತೋಳಿನೊಳಗೆ ಬಿಸಿಯಾಗಿ ಹರಿಯಿತು. ಮಂಡಿಯ ಮೇಲೆ ಬಿದ್ದೆ. ಎರಡನೇ ಗುಂಡು ನನ್ನ ತಲೆ ಇದ್ದ ಜಾಗದಲ್ಲಿ ಹಾದು ಕಿಟಕಿಯ ಗಾಜು ಒಡೆಯಿತು.

ಬಿಳಿ ಬಂಡೆಯ ಪಕ್ಕದಲ್ಲಿ ಮೆರಿಲ್‌ನ ಬೋಟಿತ್ತು. ಎಲ್ವಿನ್ ಚುಕ್ಕಾಣಿಯಲ್ಲಿ, ಮೆರಿಲ್ ಮುಂದೆ ರೈಫಲ್ ಹಿಡಿದು. ನಾನು ಹೊತ್ತಾದರೂ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದರು. ದಾರಿಯಲ್ಲಿ ಮಿನರ್ವಾದ ಹಲಗೆಗಳು ಗೆರೆಯ ಈಚೆಗೆ ತೇಲಿಬರುವುದನ್ನು ಕಂಡಿದ್ದರು. ಆಮೇಲೆ ಕಂಡದ್ದು ಥರ್ಲೋನ ಬೋಟು, ಅದರಲ್ಲಿ ಟೆನ್‌ಪೌಂಡಿನ ಕೋಟು ಟೋಪಿ ಹಾಕಿದ ಯಾರೋ ಒಬ್ಬ, ಸತ್ತುಹೋದ ಅಮ್ಮನ ಹಗ್ಗಗಳನ್ನು ಕಡಿದು ಕಡಿದು ಮೇಲೆತ್ತಿ ಕುಣಿಯುತ್ತಿರುವವನು. ನಾನು ಅವನ ಜಾಗದಲ್ಲಿದ್ದರೆ ನಾನೂ ಹೊಡೆಯುತ್ತಿದ್ದೆ. ಗುರಿ ಅಷ್ಟು ಚೆನ್ನಾಗಿರುತ್ತಿರಲಿಲ್ಲ.

ವಾನ್ ಆಗಲೇ ತನ್ನ ಬಂದೂಕು ಎತ್ತಿ ಮೆರಿಲ್‌ನ ಎದೆಗೆ ಹಿಡಿದಿದ್ದ. ಮೆರಿಲ್ ಮೂರನೇ ಗುಂಡು ತುಂಬುತ್ತಿದ್ದ. ಥರ್ಲೋ ಚುಕ್ಕಾಣಿ ಬಿಟ್ಟು ಓಡಿಬಂದು ಎರಡು ಬಂದೂಕಿಗೂ ನಡುವೆ, ನನ್ನ ಮುಂದೆ, ಕೈ ಅಗಲಿಸಿ ನಿಂತ. "ವಾನ್, ಇಳಿಸು! ಇಳಿಸೋ ಅಂದೆ! ಅವನು ಹೊಡೆದಿದ್ದು ಅವನಮ್ಮನ್ನೇ!"

ನಾನು ಅವನ ಕಾಲು ಹಿಡಿದುಕೊಂಡು ಎದ್ದೆ. ಎಡಗೈಯಿಂದ ಟೋಪಿ ಕಿತ್ತು ಬಿಸಾಕಿದೆ. ನನ್ನ ಬಿಳಿ ಕೂದಲು ಗಾಳಿಗೆ ಹರಡಿತು.

"ಲೋ ಮುಠ್ಠಾಳ!" ಎಂದು ಇದ್ದಬದ್ದ ಉಸಿರಲ್ಲೆಲ್ಲ ಕಿರುಚಿದೆ. "ನಾನ್ ಕಣೋ! ನಿನ್ನಮ್ಮ ಕಣೋ ನಾನು!"

ರೈಫಲ್ ನೀರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಬೋಟುಗಳು ಒಂದಕ್ಕೊಂದು ತಾಗಿದವು. ಮೆರಿಲ್ ಜಿಗಿದು ಬಂದು ನನ್ನ ಕೈಯನ್ನು ನೋಡಿ ಗೋಡೆಯಂತೆ ಬಿಳುಚಿಕೊಂಡ. ಬೆಲ್ಟು ಬಿಚ್ಚಿ ಮೊಣಕೈ ಮೇಲೆ ಬಿಗಿದವನು ವಾನ್. ಎಲ್ವಿನ್ ಒಂದೇ ಕಣ್ಣಿನಲ್ಲಿ ಅತ್ತ ಇತ್ತ ನೋಡಿದ, ಯಾರನ್ನಾದರೂ ಬೈಯಬೇಕೆಂದು ಬಾಯಿ ತೆರೆದ. ಬೈಯಲು ಯಾರೂ ಸಿಗಲಿಲ್ಲ. ಹೊಡೆದವರೂ ನಾವೇ, ಹೊಡೆಸಿಕೊಂಡವರೂ ನಾವೇ. ಎರಡು ತಿಂಗಳಲ್ಲಿ ಅದೊಂದೇ ಏಟಿಗೆ ತಿರುಗಿ ಕೊಡಲು ಯಾರ ಮನೆಯೂ ಇರಲಿಲ್ಲ. ಟೆನ್‌ಪೌಂಡಿನವರು ಬಂದೂಕುಗಳನ್ನು ಬೋಟಿನ ತಳದಲ್ಲಿ ಇಟ್ಟರು.

"ಅಮ್ಮ, ಅಮ್ಮ," ಎನ್ನುತ್ತಿದ್ದ ಮೆರಿಲ್, ಐದು ವರ್ಷದವನ ಹಾಗೆ.

"ಅಮ್ಮ ಆಮೇಲೆ," ಎಂದೆ. "ಒಂಬತ್ತಾಗಿದೆ. ಇನ್ನೂ ಮೂರು ಇವೆ. ಚೂರಿ ತಗೋ."

"ಆಸ್ಪತ್ರೆಗೆ..."

"ತಗೋ ಅಂದೆ! ಅಲ್ಲೀವರೆಗೂ ಇಲ್ಲಿಂದ ಅಲುಗಲ್ಲ ನಾನು."

ಅವನು ತೆಗೆದುಕೊಂಡ. ಅಳುತ್ತಾ, ಮೂಗು ಒರೆಸಿಕೊಳ್ಳುತ್ತಾ, ನನ್ನ ರಕ್ತ ಮೆತ್ತಿದ ಆ ಚೂರಿಯಿಂದ ತನ್ನ ತಾಯಿಯ ಮೂರು ಹಗ್ಗಗಳನ್ನು ಟೆನ್‌ಪೌಂಡಿನವರ ಕಣ್ಣೆದುರಿಗೆ ಕಡಿದ. ಹನ್ನೆರಡನೆಯದರ ಬೆಂಡು ಮೇಲೆತ್ತಲು ಅವನ ಕೈಯಲ್ಲಿ ಆಗಲಿಲ್ಲ. ಥರ್ಲೋ ಎತ್ತಿದ.

ವೈದ್ಯರು ಕೈಯನ್ನು ಮಣಿಕಟ್ಟಿನ ಮೇಲಿಂದ ತೆಗೆದರು. ಚಳಿಗಾಲವಿಡೀ ಮೆರಿಲ್ ನನಗಾಗಿ ಬೋನು ಕಟ್ಟಿದ, ಹಗ್ಗ ಹೊಸೆದ, ನನ್ನ ಮುಖ ನೋಡಿ ಮಾತಾಡಲಿಲ್ಲ. ಎಷ್ಟು ಬೈದರೂ ಬಾಯಿ ಬಿಡಲಿಲ್ಲ. ಗೆರೆಯ ಎರಡೂ ಕಡೆ ಯಾರೂ ಒಂದು ಹಗ್ಗವನ್ನೂ ಕಡಿಯಲಿಲ್ಲ, ಆದರೆ ಎದುರಾದಾಗ ಒಬ್ಬರೂ ಕೈಯೆತ್ತಲೂ ಇಲ್ಲ. ಅದು ಶಾಂತಿಯೋ, ಬರೀ ಸುಸ್ತೋ, ನನಗೆ ತಿಳಿಯುತ್ತಿರಲಿಲ್ಲ. ಒಂದು ಬೋನು ಎಲ್ಲಿಯಾದರೂ ಜರುಗಿದರೆ ಏನಾಗುತ್ತದೋ ಎಂದು ವಸಂತವೆಲ್ಲ ಹೆದರಿಕೊಂಡೇ ಇದ್ದೆ.

ಜೂನ್ ಕೊನೆಯ ವಾರ ದೊಡ್ಡ ಉಬ್ಬರ ಬಂತು. ಮಾರನೆಯ ಬೆಳಿಗ್ಗೆ ಮೆರಿಲ್‌ನ ಬೋಟಿನಲ್ಲಿ ಹೋದೆವು. ನನ್ನ ಹೊಸ ಬೆಂಡೊಂದು ಗೆರೆಯ ಆಚೆ, ಮೂವತ್ತು ಗಜ ಒಳಗೆ, ಥರ್ಲೋನ ಹಸಿರುಗಳ ನಡುವೆ ತೇಲುತ್ತಿತ್ತು. ಮೆರಿಲ್ ಎಂಜಿನ್ ನಿಲ್ಲಿಸಿದ. ಕೊಕ್ಕೆಯಿಂದ ಬೆಂಡನ್ನು ಎಳೆದುಕೊಂಡು ನೋಡಿ, ಹಾಗೇ ನನ್ನ ಮಡಿಲಲ್ಲಿಟ್ಟ.

ಕೋಲಿಗೆ ಜೋಡಿ ಗಂಟು ಬಿಗಿದಿತ್ತು. ಒದ್ದೆ ಹಗ್ಗ, ಗಟ್ಟಿ ಗಂಟು, ಇಪ್ಪತ್ತು ವರ್ಷ ನಾನು ನೋಡಿದ್ದ ಅದೇ ಕೈ.

"ನೋಡು, ಮುದಿ ನರಿ!" ಎಂದೆ. "ಮೂವತ್ತು ಗಜಕ್ಕೆ ಗಂಟು ಹಾಕಿದಾನೆ, ಜಿಪುಣ!"

"ಕೊಡಮ್ಮ, ನಾನು ಬಿಚ್ತೀನಿ," ಎಂದ ಮೆರಿಲ್. ಅಕ್ಟೋಬರಿನಿಂದ ಅವನು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

"ನನ್ನ ಬೆಂಡಿಗೆ ಬಂದಿದ್ದು, ನಾನೇ ಬಿಚ್ತೀನಿ." ಬೆಂಡನ್ನು ಮೊಂಡುಗೈಯಿಂದ ಒತ್ತಿ ಹಿಡಿದು, ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ಬಹಳ ಹೊತ್ತು ಹಿಡಿಯಿತು. ಅವನು ಪಕ್ಕದಲ್ಲಿ ಕೂತು ಕಾದ. ಗಂಟು ಬಿಚ್ಚಿದ ಮೇಲೆ ಬೋನನ್ನು ಎತ್ತಿ, ಗೆರೆಯ ಈಚೆ ತಂದು ಹಾಕಿದೆವು.